ನಾಲ್ಕು ಎಂಟಾದರೆ ಆರು ಎಷ್ಟಾಗಬೇಕು?

4 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರದ ಒಂದು ಚಿತ್ರ. ಅದನ್ನು 8 ಸೆಂ.ಮೀ. ಅಗಲಕ್ಕೆ ಹಿಗ್ಗಿಸಬೇಕು. ಎತ್ತರ ಎಷ್ಟಾಗುತ್ತದೆ? ಆರನೇ, ಏಳನೇ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಅನೇಕರು ಥಟ್ಟನೆ 10 ಅನ್ನುತ್ತಾರೆ. ಅಗಲಕ್ಕೆ 4 ಸೇರಿತು, ಎತ್ತರಕ್ಕೂ 4 ಸೇರಲಿ, ನ್ಯಾಯ ಅಲ್ವಾ? ಅನುಪಾತದ ಪಾಠ ಎಡವುವುದು ಇಲ್ಲೇ. ಇಲ್ಲಿ ಕೂಡಿದರೆ ಕೆಟ್ಟಿತು, ಗುಣಿಸಬೇಕು.

ಮೊದಲು ಗೀಚಿ ನೋಡಿ

ಚೌಕಳಿ ಹಾಳೆಯಲ್ಲಿ 4×6ರ ಆಯತ ಬರೆಯಿರಿ. ಅದೇ ಮೂಲೆಯಿಂದ ಶುರು ಮಾಡಿ 8×10ರದ್ದನ್ನೂ 8×12ರದ್ದನ್ನೂ ಬರೆಯಿರಿ. ಈಗ ಆ ಮೂಲೆಯಿಂದ ಚಿಕ್ಕ ಆಯತದ ಎದುರು ಮೂಲೆಗೆ ಗೆರೆ ಎಳೆದು ಹಾಗೇ ಮುಂದುವರಿಸಿ. ಗೆರೆ 8×12ರ ಮೂಲೆಗೆ ಸರಿಯಾಗಿ ಹೋಗಿ ಮುಟ್ಟುತ್ತದೆ. 8×10ರ ಮೂಲೆ ಪಕ್ಕಕ್ಕೆ ಉಳಿಯುತ್ತದೆ, ಆ ಚಿತ್ರ ಅಡ್ಡಕ್ಕೆ ಊದಿಕೊಂಡಂತೆ ಕಾಣುತ್ತದೆ. ಹತ್ತು ಸಲ ಹೇಳುವುದಕ್ಕಿಂತ ಈ ಒಂದು ಗೆರೆ ಜಾಸ್ತಿ ಕೆಲಸ ಮಾಡುತ್ತದೆ.

ಆಮೇಲೆ ಎಷ್ಟು ಪಟ್ಟು ಎಂದು ಹುಡುಕಿ

ಎರಡು ದಾರಿ ಇವೆ. ಅಗಲ 4ರಿಂದ 8 ಆಯಿತು, ಅಂದರೆ 2 ಪಟ್ಟು. ಹಾಗಾಗಿ ಎತ್ತರ 6×2=12. ಇಲ್ಲವೇ, ಚಿತ್ರದ ಎತ್ತರ ಅದರ ಅಗಲದ ಒಂದೂವರೆ ಪಟ್ಟು, 8ರ ಒಂದೂವರೆ ಪಟ್ಟು 12. ಯಾವುದು ಸುಲಭವೋ ಅದನ್ನು ಹಿಡಿಯಿರಿ. ಅಡ್ಡ ಗುಣಾಕಾರವನ್ನು (4/6 = 8/? ಎಂದು ಬರೆದು ಓರೆಯಾಗಿ ಎದುರುಬದುರಿನ ಸಂಖ್ಯೆಗಳನ್ನು ಗುಣಿಸುವ ವಿಧಾನ) ಮೊದಲ ದಿನವೇ ಹೇಳಿಕೊಡಬೇಡಿ ಎನ್ನುವುದು ನನ್ನ ಅಭಿಪ್ರಾಯ. ಉತ್ತರ ಬರುತ್ತದೆ, ಯಾಕೆ ಬಂತು ಅನ್ನೋದು ಮಾತ್ರ ತಿಳಿಯುವುದಿಲ್ಲ.

ಎರಡು ಎಚ್ಚರಿಕೆ. ಅನುಪಾತ ಬರೆಯುವಾಗ ಎರಡೂ ಕಡೆ ಒಂದೇ ಮಾನ ಇರಬೇಕು. 50 ಸೆಂ.ಮೀ. ಮತ್ತು 2 ಮೀಟರ್‌ನ ಅನುಪಾತ 50:2 ಅಲ್ಲ, 50:200, ಅಂದರೆ 1:4. ಇನ್ನೊಂದು, ಎಲ್ಲವೂ ಅನುಪಾತದಲ್ಲಿ ಬೆಳೆಯುವುದಿಲ್ಲ. ತಮ್ಮನಿಗೆ 5, ಅಕ್ಕನಿಗೆ 10 ವರ್ಷ. ತಮ್ಮನಿಗೆ 10 ಆದಾಗ ಅಕ್ಕನಿಗೆ 20 ಅಲ್ಲ, 15. ಒಂದು ಎರಡು ಪಟ್ಟಾದರೆ ಇನ್ನೊಂದೂ ಎರಡು ಪಟ್ಟಾಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಈಗ ನಕ್ಷೆ

ನಕ್ಷೆಯ ಮೇಲಿನ 1:50,000 ಕೂಡ ಅನುಪಾತವೇ. ಹಾಳೆಯ 1 ಸೆಂ.ಮೀ. ನೆಲದ ಮೇಲೆ 50,000 ಸೆಂ.ಮೀ., ಅಂದರೆ 500 ಮೀಟರ್. ಒಂದು ಕಿ.ಮೀ.ಗೆ 1,00,000 ಸೆಂ.ಮೀ. ಎನ್ನುವುದು ನೆನಪಿದ್ದರೆ ಸಾಕು. ನಕ್ಷೆಯಲ್ಲಿ 7 ಸೆಂ.ಮೀ. ಅಂತರ ಇದ್ದರೆ ನೆಲದ ಮೇಲೆ 3.5 ಕಿ.ಮೀ. ರಸ್ತೆ ಅಂಕುಡೊಂಕಾಗಿದ್ದರೆ ದಾರವನ್ನು ಅದರ ಮೇಲೆ ಹಾಸಿ, ಆಮೇಲೆ ದಾರವನ್ನು ಅಳೆಯಿರಿ.

ನಕ್ಷೆಯನ್ನು ಜೆರಾಕ್ಸ್‌ನಲ್ಲಿ ಕುಗ್ಗಿಸಿದರೆ ಅದರ ಮೇಲೆ ಬರೆದ 1:50,000 ಸುಳ್ಳಾಗುತ್ತದೆ. ಕೆಳಗೆ ಕಿ.ಮೀ. ಗುರುತು ಹಾಕಿದ ಗೆರೆಪಟ್ಟಿ ಮಾತ್ರ ನಕ್ಷೆಯ ಜೊತೆಗೇ ಕುಗ್ಗುತ್ತದೆ. ಅದನ್ನು ನಂಬಬಹುದು.

ವಿಸ್ತೀರ್ಣ ಬಂದಾಗ ದೊಡ್ಡವರೂ ಮುಗ್ಗರಿಸುತ್ತಾರೆ. ಇದೇ ನಕ್ಷೆಯಲ್ಲಿ 1 ಚದರ ಸೆಂ.ಮೀ. ಅಂದರೆ ಅರ್ಧ ಚದರ ಕಿ.ಮೀ. ಅಲ್ಲ. ಅರ್ಧ ಕಿ.ಮೀ. ಉದ್ದ, ಅರ್ಧ ಕಿ.ಮೀ. ಅಗಲ, ಹಾಗಾಗಿ ಕಾಲು ಚದರ ಕಿ.ಮೀ. ಉದ್ದ 2 ಪಟ್ಟಾದರೆ ವಿಸ್ತೀರ್ಣ 4 ಪಟ್ಟು. ಜೆರಾಕ್ಸ್ ಯಂತ್ರದಲ್ಲಿ ಎ4 ಹಾಳೆಯದ್ದನ್ನು ಎ3ಗೆ ಹಿಗ್ಗಿಸುವಾಗ 141% ಎಂದು ತೋರಿಸುತ್ತದೆ, ನೋಡಿದ್ದೀರಾ? ಎ3 ಹಾಳೆ ಎ4ರ ಎರಡರಷ್ಟು ದೊಡ್ಡದು, ಆದರೆ 200% ಅಲ್ಲ. ಎ4 210×297 ಮಿ.ಮೀ., ಎ3 297×420 ಮಿ.ಮೀ. ಬದಿಗಳು ಸುಮಾರು 1.41 ಪಟ್ಟಾದರೆ ವಿಸ್ತೀರ್ಣ ಎರಡು ಪಟ್ಟಾಗುತ್ತದೆ, 1.41×1.41 ಗುಣಿಸಿ ನೋಡಿ.

ಕೊನೆಗೊಂದು ಆಟ

1 ಸೆಂ.ಮೀ.ಗೆ 1,000 ಕಿ.ಮೀ. ಎಂದು ಇಟ್ಟುಕೊಳ್ಳಿ. ಭೂಮಿ ಸುಮಾರು 12.7 ಸೆಂ.ಮೀ. ಅಡ್ಡಳತೆಯ ಚೆಂಡು, ಚಂದ್ರ 3.5 ಸೆಂ.ಮೀ. ಇವೆರಡನ್ನೂ ಕಾಗದದಲ್ಲಿ ಕತ್ತರಿಸಿ, ಎಷ್ಟು ದೂರದಲ್ಲಿ ಹಿಡಿಯಬೇಕೆಂದು ಮಕ್ಕಳಿಗೇ ಬಿಡಿ. ಹೆಚ್ಚಿನವರು ಒಂದು ಗೇಣು ಬಿಟ್ಟು ಹಿಡಿಯುತ್ತಾರೆ, ಪುಸ್ತಕದ ಚಿತ್ರದಲ್ಲಿ ನೋಡಿದ್ದು ಹಾಗೇ ತಾನೆ. ಚಂದ್ರ ಇರುವುದು ಸುಮಾರು 3,84,000 ಕಿ.ಮೀ. ದೂರದಲ್ಲಿ. ಟೇಪು ಕೊಟ್ಟು ಅಳೆಯಲು ಹೇಳಿ: 3 ಮೀಟರ್ 84 ಸೆಂ.ಮೀ. ಸೂರ್ಯ ಎಲ್ಲಿ ಎಂದು ಯಾರಾದರೂ ಕೇಳಿದರೆ ಹೊರಗೆ ಕರೆದುಕೊಂಡು ಹೋಗಬೇಕಾದೀತು. ಸುಮಾರು ಒಂದೂವರೆ ಕಿ.ಮೀ. ನಡೆಯಬೇಕು.