ಬೀಡಿನ ಪಾತ್ರೆಯಲ್ಲಿ ಬ್ರೆಡ್: ನನ್ನ ಅನುಭವ

ದೋಸೆ ಕಾವಲಿ ಪಳಗಿಸೋದು ನಮಗೆ ಹೊಸದೇನಲ್ಲ. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜುತ್ತೇವೆ, ಮೊದಲ ಒಂದೆರಡು ದೋಸೆ ಕಿತ್ತು ಬಂದರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಬ್ರೆಡ್ಡಿಗೆಂದು ಮುಚ್ಚಳ ಇರುವ ಆಳವಾದ ಬೀಡಿನ (ಎರಕದ ಕಬ್ಬಿಣದ) ಪಾತ್ರೆ ತಂದಾಗ ಒಲೆ ಬಿಟ್ಟು ಓವನ್ ಹಿಡಿದೆ. ತಳ, ಪಕ್ಕ, ಮುಚ್ಚಳ ಎಲ್ಲಕ್ಕೂ ಒಂದೇ ಸಮ ಕಾವು ಬೇಕಲ್ವಾ?

ಮೊದಲು ಬಿಸಿನೀರು, ಸೋಪು ಹಾಕಿ ತೊಳೆದೆ. ಒರೆಸಿ, ಸಣ್ಣ ಉರಿಯಲ್ಲಿಟ್ಟು ಪೂರ್ತಿ ಒಣಗಿಸಿದೆ. ಸ್ವಲ್ಪ ಪಸೆ ಉಳಿದರೂ ತುಕ್ಕು ಹಿಡಿಯುತ್ತದೆ. ಬೆಚ್ಚಗಿರುವಾಗಲೇ ಒಂದು ಚಮಚ ಸೂರ್ಯಕಾಂತಿ ಎಣ್ಣೆಯನ್ನು ಒಳಗೆ, ಹೊರಗೆ, ಹಿಡಿಕೆಗೆಲ್ಲ ಸವರಿದೆ. ಆಮೇಲೆ ಒಣ ಬಟ್ಟೆ ತೆಗೆದುಕೊಂಡು, ಎಣ್ಣೆ ಹಚ್ಚೇ ಇಲ್ಲ ಅನ್ನುವ ಹಾಗೆ ಒರೆಸಿ ತೆಗೆದೆ. ಇಡೀ ಕೆಲಸದ ಗುಟ್ಟು ಇದೇ. ಎಣ್ಣೆ ಜಾಸ್ತಿ ಉಳಿದರೆ ಅಂಟಂಟಾಗಿ ಕೂರುತ್ತದೆ. ಪಾತ್ರೆಯನ್ನು ಬೋರಲಾಗಿ ಇಟ್ಟು 230 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಓವನ್ನಿನಲ್ಲೇ ಆರಲು ಬಿಟ್ಟೆ. ಹೀಗೆ ಮೂರು ನಾಲ್ಕು ಸಲ ಆಗುವಷ್ಟರಲ್ಲಿ ಬೂದು ಬಣ್ಣ ಕಂದಾಗಿ, ಕಂದು ಕಪ್ಪಿಗೆ ತಿರುಗಿತು. ಕಾವಿಗೆ ಎಣ್ಣೆಯ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿ ಪದರವಾಗುತ್ತವೆ. ಕೊಬ್ಬರಿ ಎಣ್ಣೆ ಹಾಗೆ ಸುಲಭಕ್ಕೆ ಬೆಸೆಯುವುದಿಲ್ಲ. ಅಗಸೆ ಎಣ್ಣೆ ಚೆನ್ನಾಗಿ ಗಟ್ಟಿಯಾಗುತ್ತದೆ, ಆದರೆ ಚಕ್ಕೆ ಚಕ್ಕೆಯಾಗಿ ಏಳುವುದೂ ಉಂಟು. ನನಗೆ ಸೂರ್ಯಕಾಂತಿಯೇ ಸರಿ.

ಬ್ರೆಡ್ಡಿಗೆ ನಾನು ಹಿಡಿದದ್ದು ನ್ಯೂಯಾರ್ಕಿನ ಬೇಕರ್ ಜಿಮ್ ಲೇಹಿ ಅವರ ನಾದದೆ ಮಾಡುವ ವಿಧಾನ. 2006ರಲ್ಲಿ ಪತ್ರಿಕೆಯಲ್ಲಿ ಬಂದ ಮೇಲೆ ಅದು ಎಲ್ಲೆಲ್ಲೂ ಹಬ್ಬಿತು. 300 ಗ್ರಾಂ ಮೈದಾ, 100 ಗ್ರಾಂ ಗೋಧಿ ಹಿಟ್ಟು, 8 ಗ್ರಾಂ ಉಪ್ಪು, ಕಾಲು ಚಮಚ ಇನ್‌ಸ್ಟಂಟ್ ಯೀಸ್ಟ್, 300 ಮಿ.ಲೀ. ನೀರು. ರಾತ್ರಿ ಕಲಸಿ ಮುಚ್ಚಿಟ್ಟರೆ ಆಯಿತು. ಅವರ ಲೆಕ್ಕ 12ರಿಂದ 18 ಗಂಟೆ. ನಮ್ಮ ಬೇಸಿಗೆಗೆ ಅಷ್ಟು ಹೊತ್ತು ಬೇಡ, ಬೆಳಗಾಗುವಷ್ಟರಲ್ಲಿ ಗುಳ್ಳೆ ಗುಳ್ಳೆಯಾಗಿ ಉಬ್ಬಿರುತ್ತದೆ. ಗಡಿಯಾರ ನೋಡುವುದಕ್ಕಿಂತ ಹಿಟ್ಟು ನೋಡುವುದು ಒಳ್ಳೆಯದು.

ಉಂಡೆ ಮಾಡಿ ಬೇಕಿಂಗ್ ಪೇಪರ್ ಮೇಲೆ ಇನ್ನೊಂದು ಗಂಟೆ ಬಿಡುತ್ತೇನೆ. ಆ ಹೊತ್ತಿಗೆ ಖಾಲಿ ಪಾತ್ರೆ ಮುಚ್ಚಳ ಸಮೇತ 230 ಡಿಗ್ರಿಯಲ್ಲಿ ಅರ್ಧ ಗಂಟೆಯಾದರೂ ಕಾದಿರಬೇಕು. ಪೇಪರ್ ಸಮೇತ ಹಿಟ್ಟು ಇಳಿಸಿ, ಮೇಲೆ ಒಂದು ಗೀರು ಹಾಕಿ, ಮುಚ್ಚಿ 30 ನಿಮಿಷ. ಮನೆಯ ಸಣ್ಣ ಓಟಿಜಿ ಓವನ್ನಿನಲ್ಲಿ ಹಬೆ ನಿಲ್ಲುವುದಿಲ್ಲ, ಬಾಗಿಲು ತೆಗೆದರೆ ಕಾವೂ ಹೋಗುತ್ತದೆ. ಬೀಡಿನ ಪಾತ್ರೆ ಎರಡನ್ನೂ ಹಿಡಿದಿಡುತ್ತದೆ. ಹಿಟ್ಟಿನದೇ ಹಬೆ ಒಳಗೆ ಸುತ್ತುತ್ತಾ ಮೇಲ್ಪದರವನ್ನು ಮೆತ್ತಗಿಡುತ್ತದೆ, ಬ್ರೆಡ್ಡಿಗೆ ಉಬ್ಬಲು ಬಿಡುವು ಸಿಗುತ್ತದೆ. ಮುಚ್ಚಳ ತೆಗೆದಾಗ ಗೀರು ಬಿರಿದು ಅಗಲವಾಗಿರುತ್ತದೆ, ಬಣ್ಣ ಮಾತ್ರ ಇನ್ನೂ ಪೇಲವ. ತೆರೆದು ಮತ್ತೆ 15-20 ನಿಮಿಷ ಇಟ್ಟರೆ ಗಾಢ ಕಂದಾಗುತ್ತದೆ. ಹೊರಗೆ ತೆಗೆದ ಮೇಲೆ ಸಿಪ್ಪೆ ಚಿಟಚಿಟ ಅನ್ನುತ್ತದೆ. ಎಷ್ಟೇ ಆಸೆಯಾದರೂ ಒಂದು ಗಂಟೆ ಕತ್ತರಿಸಬೇಡಿ, ಒಳಗೆ ಅಂಟಂಟಾಗಿರುತ್ತದೆ.

ಪಾತ್ರೆ ಆರಿದ ಮೇಲೆ ಉದುರಿದ ಹಿಟ್ಟು ಒರೆಸಿದರೆ ಸಾಕು. ಹುಣಸೆಹಣ್ಣಿನ ಸಾರು, ಟೊಮೆಟೊ ಗೊಜ್ಜು ಇದರಲ್ಲಿ ಮಾಡಬೇಡಿ, ಹುಳಿ ಪದರವನ್ನು ತಿನ್ನುತ್ತದೆ. ಬೋಂಡಾ ಕರಿಯಿರಿ, ಪದರ ಇನ್ನಷ್ಟು ಗಟ್ಟಿಯಾಗುತ್ತದೆ.