ಕ್ಯಾಮೆರಾದ ಪರದೆಯಲ್ಲಿ ನಾನು ಓದುವುದೇನು

ಹೊನ್ನಾವರ ಸೀಮೆಯ ಒಂದು ಊರಿನಲ್ಲಿ ರಾತ್ರಿಯಿಡೀ ನಡೆದ ಯಕ್ಷಗಾನವನ್ನು ಮೊದಲ ಬಾರಿಗೆ ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರಿಸಿದಾಗ, ಒಡ್ಡೋಲಗದಿಂದ ಮಂಗಳದವರೆಗೆ 600ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದಿದ್ದೆ. ನಡುನಡುವೆ ಹಿಂಬದಿಯ ಪರದೆಯನ್ನು ನೋಡಿಕೊಳ್ಳುತ್ತಲೇ ಇದ್ದೆ. ಕಿರೀಟ ಮಿನುಗುತ್ತಿತ್ತು, ಮುಖವರ್ಣಿಕೆ ಸ್ಪಷ್ಟವಾಗಿತ್ತು, ಎಲ್ಲವೂ ಸರಿಯಿದೆಯೆಂದೇ ನಂಬಿದ್ದೆ. ಮರುದಿನ ಶಿರಸಿಯ ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಮುಕ್ಕಾಲು ಪಾಲು ಚಿತ್ರಗಳು ಕತ್ತಲಲ್ಲಿ ಮುಳುಗಿದ್ದವು. ಆ ರಾತ್ರಿ ವೇಷ ಮಾಡಿದ್ದ ಹಿರಿಯ ಕಲಾವಿದರೊಬ್ಬರಿಗೆ ಪ್ರತಿ ಕೊಡಲು ಹೋದಾಗ ಅವರು ಬಹಳ ಹೊತ್ತು ನೋಡಿ, "ತಮಾ, ಕಿರೀಟ ಕಾಣ್ತು, ಕಣ್ಣು ಕಾಣ್ತಿಲ್ಲೆ" ಎಂದರು. ಯಕ್ಷಗಾನದಲ್ಲಿ ಕಣ್ಣು ಕಾಣದಿದ್ದರೆ ಉಳಿಯುವುದು ಬರಿಯ ಬಟ್ಟೆ. ಅಂದಿನಿಂದ ನಾನು ಪರದೆಯನ್ನು ನೋಡುವ ಕ್ರಮವನ್ನೇ ಬದಲಿಸಿಕೊಂಡೆ.

ತಪ್ಪಾದದ್ದು ಹೀಗೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಕ್ಯಾಮೆರಾದ ಪುಟ್ಟ ಪರದೆ ತಾನೇ ಒಂದು ದೀಪವಿದ್ದಂತೆ. ಅದರ ಮೇಲೆ ಮೂಡುವ ಯಾವ ಚಿತ್ರವೂ ಇರುವುದಕ್ಕಿಂತ ಬೆಳಕಾಗಿಯೇ ಕಾಣುತ್ತದೆ. ಅದೇ ಚಿತ್ರವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನಿಂತು ನೋಡಿದರೆ ಕಪ್ಪಾಗಿ ತೋರುತ್ತದೆ. ಪರದೆಯ ಪ್ರಖರತೆ ಬದಲಾಗದಿದ್ದರೂ ಸುತ್ತಲಿನ ಬೆಳಕು ಬದಲಾಗುತ್ತದೆ, ನಮ್ಮ ಕಣ್ಣು ಬದಲಾಗುತ್ತದೆ. ಆದ್ದರಿಂದ ಪರದೆಯ ಮೇಲಿನ ಚಿತ್ರವನ್ನು ನಾನು ಈಗ ಚೌಕಟ್ಟಿನೊಳಗೆ ಏನೇನು ಬಂದಿದೆ ಎಂದು ತಿಳಿಯುವುದಕ್ಕಷ್ಟೇ ಬಳಸುತ್ತೇನೆ. ಬೆಳಕು ಸರಿಯಿದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಅದರ ಜೊತೆಗಿರುವ ಮಾಹಿತಿ ಪುಟಗಳಲ್ಲಿ ಹುಡುಕುತ್ತೇನೆ.

ಈ ಪುಟಗಳು ಎಷ್ಟೋ ಕ್ಯಾಮೆರಾಗಳಲ್ಲಿ ಮೊದಲಿಗೆ ಕಾಣಿಸುವುದೇ ಇಲ್ಲ. ನನ್ನ ನಿಕಾನ್ ಕ್ಯಾಮೆರಾದಲ್ಲಿ ಪ್ಲೇಬ್ಯಾಕ್ ಮೆನುವಿಗೆ ಹೋಗಿ, ಹೊಳಪಿನ ಎಚ್ಚರಿಕೆ, ಕೆಂಪು-ಹಸಿರು-ನೀಲಿ ಮೂರು ಬಣ್ಣಗಳ ಹಿಸ್ಟೋಗ್ರಾಮ್ (ಹೊಳಪಿನ ನಕ್ಷೆ), ಶೂಟಿಂಗ್ ಮಾಹಿತಿ ಎಂಬ ಪುಟಗಳಿಗೆ ಗುರುತು ಹಾಕಿದ ಮೇಲೆಯೇ ಅವು ತೆರೆದುಕೊಂಡವು. ಆ ಬಳಿಕ ಚಿತ್ರವನ್ನು ತೆರೆದು ಮೇಲೆ ಕೆಳಗೆ ಒತ್ತಿದರೆ ಪುಟಗಳು ಬದಲಾಗುತ್ತವೆ, ಎಡ ಬಲಕ್ಕೆ ಒತ್ತಿದರೆ ಚಿತ್ರಗಳು ಬದಲಾಗುತ್ತವೆ. ಕ್ಯಾನನ್ ಬಳಸುವ ಗೆಳೆಯರು ಇದೇ ಕೆಲಸಕ್ಕೆ ಇನ್ಫೋ ಗುಂಡಿಯನ್ನು ಒತ್ತುತ್ತಾರೆ.

ಹಿಸ್ಟೋಗ್ರಾಮ್ ಓದಲು ಕಲಿತದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಕಾರವಾಯಿತು. ಚಿತ್ರದ ಒಂದೊಂದು ಬಿಂದುವನ್ನೂ ಅದರ ಹೊಳಪಿಗೆ ತಕ್ಕಂತೆ 0ಯಿಂದ 255ರವರೆಗಿನ ಸಾಲಿನಲ್ಲಿ ರಾಶಿ ಹಾಕಿದರೆ ಆಗುವ ಗುಡ್ಡವೇ ಅದು: ಎಡ ತುದಿ ಪೂರ್ಣ ಕಪ್ಪು, ಬಲ ತುದಿ ಪೂರ್ಣ ಬಿಳುಪು. ಗುಡ್ಡದ ಆಕಾರ ಹೀಗೇ ಇರಬೇಕೆಂಬ ನಿಯಮವಿಲ್ಲ. ಯಾಣದ ಕಪ್ಪು ಶಿಲೆಗಳ ಚಿತ್ರದಲ್ಲಿ ಗುಡ್ಡ ಎಡಕ್ಕೆ ಒರಗಿರುವುದೇ ಸರಿ; ಅದನ್ನು ನಡುವಿಗೆ ತಂದರೆ ಕಲ್ಲು ಬೂದುಬಣ್ಣಕ್ಕೆ ತಿರುಗುತ್ತದೆ. ನಾನು ನೋಡುವುದು ಎರಡು ಗೋಡೆಗಳನ್ನು. ಬಲ ಗೋಡೆಗೆ ರಾಶಿ ಒತ್ತಿಕೊಂಡಿದ್ದರೆ ಅಲ್ಲಿಯ ವಿವರ ಕರಗಿಹೋಗಿದೆ ಎಂದರ್ಥ. ಎಡ ಗೋಡೆಗೆ ಒತ್ತಿಕೊಂಡಿದ್ದರೆ ನೆರಳು ಮುಚ್ಚಿಕೊಂಡಿದೆ ಎಂದರ್ಥ. ಆ ಯಕ್ಷಗಾನದ ಚಿತ್ರಗಳ ಹಿಸ್ಟೋಗ್ರಾಮನ್ನು ಆಮೇಲೆ ತೆರೆದು ನೋಡಿದೆ. ಇಡೀ ರಾಶಿ ಎಡಗಡೆಯ ಕಾಲು ಭಾಗದಲ್ಲೇ ಕುಸಿದು ಕೂತಿತ್ತು. ರಂಗಸ್ಥಳದ ಬಳಿಯೇ ಒಮ್ಮೆ ಆ ಪುಟವನ್ನು ತೆರೆದಿದ್ದರೆ ಉಳಿದ ರಾತ್ರಿಯನ್ನಾದರೂ ಉಳಿಸಿಕೊಳ್ಳಬಹುದಿತ್ತು.

ಆದರೆ ಹಿಸ್ಟೋಗ್ರಾಮ್ ಕೂಡ ಅರ್ಧ ಸತ್ಯ ಹೇಳುವ ಸಂದರ್ಭಗಳಿವೆ ಎಂಬುದನ್ನು ನನಗೆ ಕಲಿಸಿದ್ದು ಸೋಂದೆಯ ಬಳಿಯ ಮುಂಡಿಗೆ ಕೆರೆ. ಮಳೆಗಾಲ ಶುರುವಾಗುತ್ತಿದ್ದಂತೆ ಬೆಳ್ಳಕ್ಕಿಗಳು ಅಲ್ಲಿಗೆ ಬಂದು ಕೆರೆಯ ಮುಂಡಿಗೆ ಗಿಡಗಳ ಮೇಲೆ ಗೂಡು ಕಟ್ಟುತ್ತವೆ. ಕಡುಹಸಿರು ಎಲೆಗಳ ನಡುವೆ ಅಚ್ಚ ಬಿಳಿಯ ಹಕ್ಕಿ. ಕ್ಯಾಮೆರಾದ ಬೆಳಕಳೆಯುವ ಮೀಟರ್ ಇಡೀ ಚೌಕಟ್ಟನ್ನು ನಡು ಬೂದುಬಣ್ಣದ ಹೊಳಪಿಗೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕಡುಹಸಿರೇ ಇರುವಾಗ ಅದು ಬೆಳಕನ್ನು ಹೆಚ್ಚಿಸುತ್ತದೆ, ಹಸಿರು ಚೆನ್ನಾಗಿ ಕಾಣುತ್ತದೆ, ಬೆಳ್ಳಕ್ಕಿಯ ಗರಿಗಳು ಸುಣ್ಣ ಬಳಿದ ಗೋಡೆಯಂತೆ ಸಪಾಟಾಗುತ್ತವೆ. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಹಕ್ಕಿ 100ರಲ್ಲಿ 2 ಪಾಲು ಮಾತ್ರ ಇದ್ದರೆ ಅದರ ಬಿಂದುಗಳು ಸುಮಾರು 4,80,000. ಉಳಿದ 2 ಕೋಟಿ 35 ಲಕ್ಷ ಬಿಂದುಗಳು ಹಸಿರಿನವು. ಹಿಸ್ಟೋಗ್ರಾಮಿನಲ್ಲಿ ಹಸಿರು ದೊಡ್ಡ ಗುಡ್ಡವಾಗಿ ನಿಲ್ಲುತ್ತದೆ, ಹಕ್ಕಿ ಬಲ ಗೋಡೆಯ ಬುಡದಲ್ಲಿ ಕಂಡೂ ಕಾಣದ ಒಂದು ಗೆರೆಯಾಗಿಬಿಡುತ್ತದೆ. ಮೊದಲ ವರ್ಷ ಆ ಗೆರೆಯನ್ನು ನಾನು ಗಮನಿಸಲೇ ಇಲ್ಲ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಎರಡು ಬಗೆಯದು. ಮೊದಲನೆಯದು ಹೊಳಪಿನ ಎಚ್ಚರಿಕೆಯ ಪುಟ. ವಿವರ ಕಳೆದುಕೊಂಡ ಜಾಗ ಅದರಲ್ಲಿ ಮಿಟುಕುತ್ತದೆ. ಹಕ್ಕಿ ಎಷ್ಟೇ ಚಿಕ್ಕದಿದ್ದರೂ ಅದರ ಬೆನ್ನು ಮಿಟುಕಿದರೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಎರಡನೆಯದು ಅಷ್ಟಾಗಿ ಯಾರೂ ಬಳಸದ್ದು, ನನಗಂತೂ ಬಹಳ ಪ್ರಿಯವಾದದ್ದು: ಮೂರು ಬಣ್ಣಗಳ ಹಿಸ್ಟೋಗ್ರಾಮ್ ಪುಟದಲ್ಲಿದ್ದಾಗಲೇ ಚಿತ್ರವನ್ನು ಹಿಗ್ಗಿಸಿದರೆ, ನನ್ನ ಕ್ಯಾಮೆರಾ ಆಗ ಪರದೆಯಲ್ಲಿ ಕಾಣುವ ಭಾಗದ ಹಿಸ್ಟೋಗ್ರಾಮನ್ನು ಮಾತ್ರ ಬರೆದು ತೋರಿಸುತ್ತದೆ. ಹಕ್ಕಿಯ ಮೈಯೇ ಪರದೆ ತುಂಬುವಂತೆ ಹಿಗ್ಗಿಸಿದರೆ ಹಸಿರು ಲೆಕ್ಕದಿಂದ ಹೊರಗುಳಿದು ಬೆಳ್ಳಕ್ಕಿಯೊಂದರದ್ದೇ ಗುಡ್ಡ ಕಾಣಿಸುತ್ತದೆ. ಅದು ಬಲ ಗೋಡೆಯ ಹತ್ತಿರ ಬಂದು, ಗೋಡೆಗೆ ತಾಗದೆ ನಿಂತರೆ ಗರಿಗಳ ಎಳೆ ಉಳಿದಿದೆ ಎಂದು ನಿಶ್ಚಿಂತನಾಗುತ್ತೇನೆ. ಸಾಮಾನ್ಯವಾಗಿ ಅಲ್ಲಿ ನನಗೆ ಎಕ್ಸ್‌ಪೋಶರನ್ನು, ಎಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಮುಕ್ಕಾಲರಿಂದ ಒಂದೂಕಾಲು ಸ್ಟಾಪಿನಷ್ಟು ತಗ್ಗಿಸಬೇಕಾಗುತ್ತದೆ (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧವಾಗುತ್ತದೆ). ಅದೇ ಹಕ್ಕಿ ಮೇಲೆದ್ದು ಮೋಡದ ಬಿಳಿ ಆಕಾಶಕ್ಕೆ ಎದುರಾದರೆ ಲೆಕ್ಕ ತಿರುವುಮುರುವಾಗಿ ಒಂದು ಸ್ಟಾಪ್ ಏರಿಸಬೇಕಾಗುತ್ತದೆ.

ಕ್ಯಾಮೆರಾ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಹಾಗೆಯೇ ಉಳಿಸುವ ರಾ ಕಡತದಲ್ಲಿ ಚಿತ್ರ ತೆಗೆಯುವವರು ತಿಳಿದಿರಬೇಕಾದ ಮಾತೊಂದಿದೆ. ಪರದೆಯ ಹಿಸ್ಟೋಗ್ರಾಮೂ ಮಿಟುಕೂ ರಾ ಕಡತದವಲ್ಲ. ಕ್ಯಾಮೆರಾ ತಾನೇ ಸಂಸ್ಕರಿಸಿ ಅದರೊಳಗೆ ಅಡಕಗೊಳಿಸಿದ ಜೆಪೆಗ್ ಚಿತ್ರದವು. ಬಣ್ಣವನ್ನೂ ಕಾಂಟ್ರಾಸ್ಟನ್ನೂ ಏರಿಸುವ ಶೈಲಿಯನ್ನು ಆರಿಸಿಕೊಂಡಿದ್ದರೆ ರಾ ಕಡತದಲ್ಲಿ ಇನ್ನೂ ವಿವರ ಇರುವಾಗಲೇ ಪರದೆ ಮಿಟುಕಲು ತೊಡಗುತ್ತದೆ. ಹಾಗಾಗಿ ನಾನು ನ್ಯೂಟ್ರಲ್ ಶೈಲಿಯನ್ನೇ ಇಟ್ಟುಕೊಂಡಿದ್ದೇನೆ. ಪರದೆಯ ಮೇಲೆ ಚಿತ್ರ ಸಪ್ಪೆಯಾಗಿ ಕಾಣುತ್ತದೆ, ಮಾಹಿತಿ ಮಾತ್ರ ಸತ್ಯಕ್ಕೆ ಹತ್ತಿರವಿರುತ್ತದೆ.

ಮುಂಡಿಗೆ ಕೆರೆಯಲ್ಲೇ ಇನ್ನೊಂದು ಸಂಗತಿ ತಿಳಿಯಿತು. ಒಮ್ಮೆ ಕಾರಿನಿಂದಿಳಿದು ಮಳೆಯ ನಡುವೆ ತೆಗೆದ ಚಿತ್ರಗಳೆಲ್ಲದರಲ್ಲಿಯೂ ಹಿಸ್ಟೋಗ್ರಾಮ್ ಎಡ ಗೋಡೆಯಿಂದ ಬಹಳ ದೂರವೇ ನಿಂತುಬಿಡುತ್ತಿತ್ತು, ಗಿಡದ ಬುಡದ ನೆರಳಿದ್ದರೂ ಚಿತ್ರದಲ್ಲಿ ಕಪ್ಪೆಂಬುದೇ ಇರಲಿಲ್ಲ. ಕೆರೆಯ ಮೇಲಿನ ಮಂಜೆಂದುಕೊಂಡಿದ್ದೆ. ಲೆನ್ಸನ್ನು ತಿರುಗಿಸಿ ನೋಡಿದರೆ, ಕಾರಿನೊಳಗಿನ ಏಸಿಯ ತಂಪಿನಿಂದ ಹೊರಗಿನ ತೇವಕ್ಕೆ ಬಂದ ಗಾಜಿನ ಮೇಲೆ ಹಬೆ ಕಟ್ಟಿತ್ತು. ಈಗ ಮಳೆಗಾಲದಲ್ಲಿ ಕಪ್ಪು ಇರಬೇಕಾದಲ್ಲಿ ಕಪ್ಪು ಕಾಣದಿದ್ದರೆ ಮೊದಲು ಗಾಜನ್ನು ನೋಡುತ್ತೇನೆ.

ಮತ್ತೆ ಯಕ್ಷಗಾನಕ್ಕೆ ಬರುತ್ತೇನೆ. ಎರಡನೆಯ ಸಲ ಒಟ್ಟು ಹೊಳಪಿನ ಹಿಸ್ಟೋಗ್ರಾಮನ್ನು ನೋಡಿಕೊಂಡೇ ತೆಗೆದಿದ್ದೆ; ಬಲ ಗೋಡೆಗೆ ಇನ್ನೂ ಜಾಗವಿತ್ತು. ಆದರೂ ಮನೆಯಲ್ಲಿ ತೆರೆದಾಗ ಕೆಂಪು ಕಸೆ ಸೀರೆಯ ನೆರಿಗೆಗಳು ಒಂದೇ ಮುದ್ದೆಯಾಗಿದ್ದವು. ಒಟ್ಟು ಹೊಳಪಿನ ಲೆಕ್ಕದಲ್ಲಿ ಹಸಿರಿನ ಪಾಲು ಅರ್ಧಕ್ಕಿಂತ ಹೆಚ್ಚು, ಕೆಂಪಿನದು ಅದಕ್ಕಿಂತ ಬಹಳ ಕಡಿಮೆ. ಹಳದಿ ಛಾಯೆಯ ದೀಪದಡಿ ಕೆಂಪು ಬಟ್ಟೆಯಿರುವಾಗ ಕೆಂಪು ಬಣ್ಣ ಗೋಡೆಗೆ ಒತ್ತಿಹೋಗಿದ್ದರೂ ಒಟ್ಟು ಹೊಳಪು ನಡುವಿನಲ್ಲೇ ಇದ್ದಂತೆ ತೋರುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಬಿಸಿಲಿನದ್ದಾಗಿ ಉಳಿದಿದ್ದರೆ ಪರದೆಯ ಕೆಂಪು ಇನ್ನಷ್ಟು ಏರುತ್ತದೆ. ಅಂದಿನಿಂದ ರಂಗಸ್ಥಳದ ಮುಂದೆ ನಾನು ನೋಡುವುದು ಮೂರು ಬಣ್ಣಗಳ ಹಿಸ್ಟೋಗ್ರಾಮನ್ನು ಮಾತ್ರ, ಅದರಲ್ಲಿಯೂ ಮೊದಲು ಕೆಂಪನ್ನು. ಪರದೆಯ ಬೆಳಕು ಹಿಂದೆ ಕೂತ ಪ್ರೇಕ್ಷಕರ ಕಣ್ಣಿಗೆ ಚುಚ್ಚುವುದರಿಂದ ಹೆಗಲ ಮೇಲಿನ ಶಾಲನ್ನು ತಲೆಗೆ ಎಳೆದುಕೊಂಡು, ಭಾಗವತರು ಹಾಡಿನ ನಡುವೆ ಬಿಡುವು ಕೊಟ್ಟಾಗ ನೋಡುತ್ತೇನೆ. ಚಿತ್ರ ತೆಗೆದೊಡನೆ ತಾನಾಗಿ ಪರದೆಯಲ್ಲಿ ಮೂಡುವ ಸೌಲಭ್ಯವನ್ನು ನಿಲ್ಲಿಸಿಯೇ ಇಟ್ಟಿದ್ದೇನೆ. ಪ್ರತಿ ಚಿತ್ರಕ್ಕೂ ತಲೆ ತಗ್ಗಿಸಿದರೆ ವೇಷಧಾರಿ ಮಂಡಿ ಹಾಕಿ ತಿರುಗುವ ಗಳಿಗೆ ತಪ್ಪಿಹೋಗುತ್ತದೆ. ಅಂಥದ್ದು ಒಂದಲ್ಲ, ಹಲವು ಸಲ ತಪ್ಪಿದೆ.

ಮಂಡಿಯ ಚಿತ್ರಗಳು ಮಸುಕಾಗಿದ್ದಾಗ ಕಾರಣ ಹುಡುಕಲು ಚಿತ್ರವನ್ನು ಪೂರ್ತಿ ಹಿಗ್ಗಿಸಿ ಕಣ್ಣಿನ ಬಳಿಗೆ ಹೋಗುತ್ತೇನೆ. ರಂಗದ ಹಿಂದಿನ ಪರದೆಯ ಬಟ್ಟೆಯೂ ಕಿರೀಟವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ನನ್ನ ಕೈ ನಡುಗಿದೆ. ಹಿಂಬದಿ ನಿಚ್ಚಳವಾಗಿದ್ದು ವೇಷ ಮಾತ್ರ ಎಳೆದಂತಿದ್ದರೆ ಕುಣಿತಕ್ಕೆ ಶಟರ್ ವೇಗ ಸಾಲಲಿಲ್ಲ. ಎಳೆತವೇ ಇಲ್ಲದೆ ಮುಖ ಮೃದುವಾಗಿ, ಮದ್ದಳೆಯವರು ಚೊಕ್ಕವಾಗಿ ಕಂಡರೆ ಫೋಕಸ್ ಹಿಂದಕ್ಕೆ ಹೋಗಿದೆ. ಫೋಕಸ್ ಬಿಂದು ಎಲ್ಲಿತ್ತೆಂಬುದನ್ನೂ ಕ್ಯಾಮೆರಾ ತೋರಿಸುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ, ಆದ್ದರಿಂದ ಹಿಗ್ಗಿಸಿ ನೋಡದೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸುವುದು ವ್ಯರ್ಥ. ಎಲ್‌ಇಡಿ ದೀಪಗಳಿರುವ ರಂಗದಲ್ಲಿ ಚಿತ್ರದ ಅಡ್ಡಕ್ಕೆ ಕಪ್ಪು ಪಟ್ಟಿಗಳು ಬಂದರೆ ಶೂಟಿಂಗ್ ಮಾಹಿತಿಯಲ್ಲಿ ಶಟರ್ ವೇಗವನ್ನು ನೋಡುತ್ತೇನೆ: ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದಾದ್ದರಿಂದ ಇಂಥ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ, 1/100ಕ್ಕೆ ಇಳಿಸಿದರೆ ಪಟ್ಟಿ ಬಹುಮಟ್ಟಿಗೆ ಮಾಯವಾಗುತ್ತದೆ. ಆ ವೇಗದಲ್ಲಿ ಕುಣಿತ ಮಸುಕಾಗುತ್ತದೆಂಬುದು ಬೇರೆ ಸಂಕಟ. ಹಾಗಿರುವಾಗ ನಾನು ಕುಣಿತವನ್ನು ಬಿಟ್ಟು ಅರ್ಥ ಹೇಳುವ ಹೊತ್ತಿನ ಮುಖಗಳನ್ನು ತೆಗೆಯುತ್ತೇನೆ.

ಮಿಟುಕಿದ್ದೆಲ್ಲ ದೋಷವೆಂದು ತಿಳಿಯಬಾರದು. ಕಾರವಾರದ ತೀರದಲ್ಲಿ ಸಂಜೆ ರಂಪಣಿ ಬಲೆ ಎಳೆಯುವವರನ್ನು ಸೂರ್ಯನಿಗೆ ಎದುರಾಗಿ ತೆಗೆದಾಗ ಸೂರ್ಯನೂ ಅಲೆಗಳ ಮೇಲಿನ ಹೊಳಪೂ ಮಿಟುಕಿಯೇ ತೀರುತ್ತವೆ. ಅದನ್ನು ನಿಲ್ಲಿಸಲು ಎಕ್ಸ್‌ಪೋಶರ್ ತಗ್ಗಿಸುತ್ತ ಹೋದರೆ ಹಗ್ಗ ಹಿಡಿದ ಕೈಗಳೂ ಮರಳೂ ಕಡಲೂ ಒಂದೇ ಕಪ್ಪಿನಲ್ಲಿ ಸೇರಿಹೋಗುತ್ತವೆ. ಅಲ್ಲಿ ಸೂರ್ಯನನ್ನು ಅವನ ಪಾಡಿಗೆ ಬಿಟ್ಟು, ಸುತ್ತಲಿನ ಮೋಡಕ್ಕೆ ಮಿಟುಕು ಹರಡದಂತೆ ನೋಡಿಕೊಂಡರೆ ಸಾಕು.

ಶೂಟಿಂಗ್ ಮಾಹಿತಿಯ ಪುಟವನ್ನು ನಾನು ಬೇರೆ ಕಾರಣಕ್ಕೂ ದಿನದ ಮೊದಲ ಚಿತ್ರ ತೆಗೆದೊಡನೆ ಓದುತ್ತೇನೆ. ಒಮ್ಮೆ ರಾತ್ರಿಯ ಆಟ ಮುಗಿಸಿ ನಸುಕಿನಲ್ಲಿ ನೇರವಾಗಿ ಶರಾವತಿಯ ಅಳಿವೆಗೆ ಹೋಗಿ ದೋಣಿಗಳನ್ನು ತೆಗೆದಿದ್ದೆ. ರಾತ್ರಿಯ 3200 ಐಎಸ್‌ಒ ಹಾಗೆಯೇ ಉಳಿದಿತ್ತು, ಚಿತ್ರಗಳೆಲ್ಲ ಮರಳು ಮರಳಾದವು. ಈಗ ಮೊದಲ ಚಿತ್ರದಲ್ಲೇ ಐಎಸ್‌ಒ, ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್ ತಿದ್ದುಪಡಿ, ಮೀಟರಿಂಗ್ ಬಗೆ, ಕಡತದ ಬಗೆ ಇವಿಷ್ಟನ್ನೂ ಬೆರಳಿಟ್ಟು ಓದಿದ ಹಾಗೆ ಓದುತ್ತೇನೆ.

ಅಳಿಸುವ ವಿಷಯದಲ್ಲಿ ನನ್ನ ಕ್ರಮ ಸರಳ: ಚಿತ್ರ ತೆಗೆಯುವ ಸ್ಥಳದಲ್ಲಿ ಯಾವುದನ್ನೂ ಅಳಿಸುವುದಿಲ್ಲ. ಚೆನ್ನಾಗಿದೆ ಎನಿಸಿದ್ದಕ್ಕೆ ಬೀಗದಕೈ ಚಿಹ್ನೆಯ ರಕ್ಷಣೆ ಹಾಕುತ್ತೇನೆ, ಮನೆಯಲ್ಲಿ ಮೊದಲು ಅವನ್ನು ತೆರೆಯಲು ಅನುಕೂಲವಾಗುತ್ತದೆ. ಆ ರಕ್ಷಣೆ ಅಳಿಸುವ ಗುಂಡಿಯಿಂದ ಮಾತ್ರ ಕಾಯುತ್ತದೆ. ಕಾರ್ಡನ್ನು ಫಾರ್ಮ್ಯಾಟ್ ಮಾಡಿದರೆ ಬೀಗ ಹಾಕಿದ್ದೂ ಹೋಗುತ್ತದೆ. ಇದು ತಿಳಿಯದೆ ನಾನು ಒಂದು ನಾಮಕರಣದ ಚಿತ್ರಗಳನ್ನು ಕಳೆದುಕೊಂಡಿದ್ದೇನೆ, ಆ ಮನೆಯವರ ಮುಂದೆ ನಿಂತು ಹೇಳಬೇಕಾಗಿ ಬಂದದ್ದು ಇಂದಿಗೂ ನೆನಪಿದೆ.

ಕೊನೆಯದಾಗಿ ಗಡಿಯಾರ. ಶಿರಸಿಯ ಮದುವೆಯೊಂದರಲ್ಲಿ ನಾನೂ ನನ್ನ ಜೊತೆಗಾರನೂ ಎರಡು ಕ್ಯಾಮೆರಾಗಳಲ್ಲಿ ತೆಗೆದ ಚಿತ್ರಗಳನ್ನು ಸಮಯದ ಪ್ರಕಾರ ಜೋಡಿಸಿದಾಗ ಧಾರೆಗಿಂತ ಮೊದಲೇ ಸಪ್ತಪದಿ ಬಂದಿತ್ತು. ಒಂದರ ಗಡಿಯಾರ 40 ನಿಮಿಷ ಹಿಂದಿತ್ತು. ಈಗ ಕೆಲಸ ಶುರುವಾಗುವ ಮುನ್ನ ಇಬ್ಬರೂ ಒಂದೇ ಮೊಬೈಲಿನ ಗಡಿಯಾರವನ್ನು ಒಂದೊಂದು ಚಿತ್ರ ತೆಗೆದುಕೊಳ್ಳುತ್ತೇವೆ. ಚಿತ್ರದೊಳಗಿನ ಸಮಯಕ್ಕೂ ಮಾಹಿತಿ ಪುಟದ ಸಮಯಕ್ಕೂ ಎಷ್ಟು ಅಂತರವಿದೆ ಎಂದು ನೋಡಿದರೆ, ಮನೆಯಲ್ಲಿ ಅಷ್ಟನ್ನೇ ಕೂಡಿಸಿಯೋ ಕಳೆದೋ ಸರಿಪಡಿಸಬಹುದು.