ಎಗುಸಿ ಗಟ್ಟಿಯಾಗುವವರೆಗೆ ಸೌಟು ಮುಟ್ಟಬೇಡಿ

ನೈಜೀರಿಯಾದ ಲಾಗೋಸಿನಲ್ಲಿ 20 ವರ್ಷ ಸಂಸಾರ ಮಾಡಿದವಳು ನಾನು. ಎಗುಸಿ ಸೂಪು ಕಲಿತದ್ದು ಪಕ್ಕದ ಮನೆಯ, ಅಲ್ಲಿನ ಇಗ್ಬೊ ಜನಾಂಗದ ಅಜ್ಜಿಯ ಒಲೆ ಮುಂದೆ ನಿಂತು. ಹೊಸದಾಗಿ ಅಲ್ಲಿಗೆ ಹೋದ ನಮ್ಮ ಹುಡುಗಿಯರು ಫೋನ್ ಮಾಡಿ, ‘ಆಂಟೀ, ನಾನು ಮಾಡಿದ್ರೆ ಗಂಜಿ ಥರ ಆಗುತ್ತಲ್ಲ’ ಅನ್ನುತ್ತಾರೆ. ಸೌಟು ಜಾಸ್ತಿ ಆಡಿಸಿದರೆ ಹಾಗೇ ಆಗುವುದು.

ಎಗುಸಿ ಅಂದರೆ ಕಲ್ಲಂಗಡಿ ಜಾತಿಯ ಕಾಯಿಯೊಂದರ ಬೀಜ. ಮಾರ್ಕೆಟ್ಟಿನಲ್ಲಿ ಪುಡಿಯೂ ಸಿಗುತ್ತದೆ, ತರಬೇಡಿ. ಎಣ್ಣೆಬೀಜ ಅಲ್ವಾ, ಪುಡಿಯಾಗಿಟ್ಟರೆ ಬೇಗ ಕಮಟು ವಾಸನೆ ಬರುತ್ತದೆ. ಸಿಪ್ಪೆ ಸುಲಿದ ಬೀಜ ಕೇಳಿ. ಎರಡು ಕಾಳು ಬಾಯಿಗೆ ಹಾಕಿ ನೋಡಿ, ಕಹಿ ಇದ್ದರೆ ಬಿಟ್ಟು ಬನ್ನಿ. ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ತಳಕ್ಕೆ ಅಂಟುತ್ತದೆ. ನಾಲ್ಕೈದು ಜನಕ್ಕೆ 2 ಲೋಟ ಪುಡಿ ಸಾಕು. ರುಬ್ಬಿದ ಈರುಳ್ಳಿ, ಚೂರು ನೀರು ಹಾಕಿ ವಡೆ ಹಿಟ್ಟಿನ ಹದಕ್ಕೆ ಕಲಸಿಡಿ.

ಮಾಂಸ, ಸ್ಟಾಕ್‌ಫಿಶ್ ಮೊದಲೇ ಬೇಯಿಸಿಕೊಳ್ಳಿ. ಸ್ಟಾಕ್‌ಫಿಶ್ ನಾರ್ವೆಯಿಂದ ಬರುವ ಒಣಮೀನು, ಕಟ್ಟಿಗೆಯಷ್ಟು ಗಟ್ಟಿ. ಹಿಂದಿನ ರಾತ್ರಿಯೇ ನೆನೆಹಾಕಬೇಕು. ಬೇಯಿಸಿದ ನೀರು ಚೆಲ್ಲಬೇಡಿ, ಸೂಪಿನ ರುಚಿಯೆಲ್ಲ ಅದರಲ್ಲೇ ಇರುವುದು.

ಅರ್ಧ ಲೋಟ ಕೆಂಪು ತಾಳೆ ಎಣ್ಣೆ ಬಿಸಿ ಮಾಡಿ. ಹೊಗೆ ಏಳುವವರೆಗೆ ಕಾಯಿಸಿದರೆ ಬಣ್ಣವೂ ಹೋಯಿತು, ಪರಿಮಳವೂ ಹೋಯಿತು. ಈರುಳ್ಳಿ, ರುಬ್ಬಿದ ಮೆಣಸಿನಕಾಯಿ ಬಾಡಿಸಿ ಬೇಯಿಸಿದ ನೀರು ಹಾಕಿ. ಅಲ್ಲಿನ ಗುಂಡು ಮೆಣಸಿನಕಾಯಿ, ಅಟಾ ರೋಡೊ, ಭಯಂಕರ ಖಾರ. ಮೊದಲ ಸಲ ಒಂದೇ ಒಂದು ಹಾಕಿ.

ನೀರು ಕುದಿಯುವಾಗ ಎಗುಸಿಯನ್ನು ಚಮಚದಲ್ಲಿ ಚಿಕ್ಕ ಚಿಕ್ಕ ಉಂಡೆಯಾಗಿ ಬಿಡಿ. ಉರಿ ಸಣ್ಣ ಮಾಡಿ, ಮುಚ್ಚಿ, 15 ನಿಮಿಷ ಆ ಕಡೆ ಹೋಗಬೇಡಿ. ನಾನು ಮೊದಲ ದಿನ ಕೈಯಾಡಿಸಲು ಹೋದಾಗ ಅಜ್ಜಿ ನನ್ನ ಕೈಯಿಂದ ಸೌಟು ಕಿತ್ತುಕೊಂಡು ತಮ್ಮ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು. ಮುಚ್ಚಳ ತೆಗೆದಾಗ ಮೊಟ್ಟೆ ಬುರ್ಜಿಯಂತೆ ಮೆತ್ತನೆ ಉಂಡೆಗಳು, ಸುತ್ತಲೂ ಕೇಸರಿ ಬಣ್ಣದ ಎಣ್ಣೆ ತೇಲುತ್ತಿತ್ತು. ಎಣ್ಣೆ ಹಾಗೆ ಮೇಲೆ ಬಂದರೆ ಬೆಂದಿದೆ ಅಂತ ಲೆಕ್ಕ. ಈಗ ಮಾಂಸ, ಮೀನು, ಉಪ್ಪು, ಕ್ರೇಫಿಶ್ ಪುಡಿ ಹಾಕಿ. ಹೆಸರು ಕೇಳಿ ಗಾಬರಿ ಬೇಡ, ನೋಡಿದರೆ ನಮ್ಮ ಕರಾವಳಿಯ ಒಣ ಸಿಗಡಿಯ ಹಾಗೇ ಇರುತ್ತದೆ. ಕೊನೆಗೆ ಹೆಚ್ಚಿದ ಉಗು ಸೊಪ್ಪು, ಅಂದರೆ ಅಲ್ಲಿನ ಕುಂಬಳ ಜಾತಿಯ ಬಳ್ಳಿಯ ಎಲೆ. ಮೂರು ನಿಮಿಷ ಸಾಕು, ಹಸಿರು ಉಳಿಯಬೇಕು.

ಜೊತೆಗೆ ಎಬಾ. ಮರಗೆಣಸನ್ನು ತುರಿದು, ಹುಳಿ ಬರಿಸಿ, ಹಿಂಡಿ ಹುರಿದ ತರಿಗೆ ಅಲ್ಲಿ ಗರಿ ಅನ್ನುತ್ತಾರೆ, ಅದರಿಂದ ಮಾಡುವ ಮುದ್ದೆ ಇದು. ನೀರು ಕೊತಕೊತ ಕುದಿಯುತ್ತಿರಬೇಕು. ಬರೀ ಬಿಸಿ ನೀರಾದರೆ ಮುದ್ದೆ ಮರಳು ಮರಳಾಗುತ್ತದೆ. ಪಾತ್ರೆಗೆ ಮೊದಲು ನೀರು, ಆಮೇಲೆ ಗರಿ. ನೀರು ಕಾಣದಷ್ಟು ಉದುರಿಸಿ ಎರಡು ನಿಮಿಷ ಮುಚ್ಚಿಡಿ. ಆಮೇಲೆ ಮರದ ಸೌಟಿನಿಂದ ಮಡಚಿ ಮಡಚಿ ತಿರುವಿ. ಮುದ್ದೆ ಉಣ್ಣುವ ನಮ್ಮ ಕಡೆಯವರಿಗೆ ಬಲು ಬೇಗ ಒಗ್ಗುತ್ತದೆ. ಅಲ್ಲೂ ಅದನ್ನು ಅಗಿಯುವುದಿಲ್ಲ, ಸೂಪಿನಲ್ಲಿ ಅದ್ದಿ ನುಂಗುತ್ತಾರೆ.

ಸೂಪು ಮಿಕ್ಕರೆ ಫ್ರಿಜ್ಜಿನಲ್ಲಿಡಿ, ಮರುದಿನ ಇನ್ನೂ ರುಚಿ. ಎಬಾ ಮಾತ್ರ ಅವತ್ತಿನದು ಅವತ್ತಿಗೆ. ಆರಿದರೆ ಗಟ್ಟಿಯಾಗುತ್ತದೆ, ಹೊಸದು ಮಾಡಲು ಐದು ನಿಮಿಷವೂ ಬೇಡ.